ಪರಿಂಚೆಯ ಕಷಾಯ

ಪುಣೆಯಿಂದ ಸಾಸವಡಕ್ಕೆ ಹೋಗುವ ಮಾರ್ಗವು ಹಡಪಸರದ ಗದ್ದಲವನ್ನು ಹಿಂದಿಕ್ಕಿ ದಿವೆ ಘಾಟಿಯನ್ನು ಏರತೊಡಗಿದಾಗ, ಬಸ್ಸಿನಲ್ಲಿ ಅದುವರೆಗೆ ತೂಕಡಿಸುತ್ತಿದ್ದವರೂ ಒಮ್ಮೆ ಕಣ್ಣು ತೆರೆದು ಹೊರಗೆ ನೋಡುವುದುಂಟು. ಕೆಳಗೆ ಮಸ್ತಾನಿಯ ಹೆಸರನ್ನು ಹೊತ್ತ ಕೆರೆ. ಮೇಲೆ ಬೋಳು ಗುಡ್ಡಗಳ ಸಾಲು. ಪ್ರತಿ ವರ್ಷ ಆಷಾಢ ಏಕಾದಶಿಗೆ ಮುಂಚೆ ಜ್ಞಾನೇಶ್ವರರ ಪಾಲಕಿಯು ಲಕ್ಷಾಂತರ ವಾರಕರಿಗಳೊಡನೆ ಇದೇ ಘಾಟಿಯನ್ನು ಹತ್ತಿ ಪಂಢರಪುರದ ಕಡೆಗೆ ಸಾಗುತ್ತದೆ. ತಾಳ ಮೃದಂಗಗಳ ಆ ದಾರಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಂಢರಪುರದ ಯಾತ್ರೆಯೆಂದರೆ ಸರಕಾರದ ವೈದ್ಯಾಧಿಕಾರಿಗಳ ಎದೆ ನಡುಗುತ್ತಿತ್ತು. ಯಾತ್ರಿಕರೊಡನೆ ವಾಂತಿಭೇದಿಯ ಮಾರಿಯೂ ಊರಿಂದೂರಿಗೆ ನಡೆದು ಹೋಗುತ್ತಿತ್ತು.

ಘಾಟಿಯ ಮೇಲಿನದು ಪುರಂದರ ತಾಲೂಕು. 1657ರಲ್ಲಿ ಸಂಭಾಜಿ ಹುಟ್ಟಿದ್ದು, 1665ರಲ್ಲಿ ಶಿವಾಜಿಯೂ ಮಿರ್ಜಾ ರಾಜಾ ಜಯಸಿಂಹನೂ ಒಪ್ಪಂದಕ್ಕೆ ಬಂದದ್ದು ಇಲ್ಲಿಯ ಪುರಂದರ ದುರ್ಗದಲ್ಲಿ. ಕರ್ಹಾ ನದಿಯ ದಂಡೆಯ ಸಾಸವಡದಲ್ಲಿ ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿಯಿದೆ. ಅಲ್ಲಿಂದ ಮುಂದೆ ಜೇಜುರಿ. ಅಲ್ಲಿಯ ಅರಿಶಿನದ ಬೆಟ್ಟದ ಖಂಡೋಬನನ್ನು ಕನ್ನಡಿಗರು ಮೈಲಾರನೆಂದೇ ಕೊಂಡಾಡುತ್ತಾರೆ. ಆದುದರಿಂದ ಕನ್ನಡ ನಾಡಿನಿಂದ ಬಂದವರ ಕಾಲು ಸಹಜವಾಗಿಯೇ ಆ ಕಡೆಗೆ ಎಳೆಯುತ್ತದೆ. ಆದರೆ ಸಾಸವಡದಿಂದ ದಕ್ಷಿಣಕ್ಕೆ ತಿರುಗಿ ನೀರಾ ನದಿಯ ಕಡೆಗೆ ಇಳಿಯುವ ಸಣ್ಣ ಮಾರ್ಗದಲ್ಲಿ ದೇವರ ದರ್ಶನಕ್ಕಾಗಲಿ ದುರ್ಗದ ದರ್ಶನಕ್ಕಾಗಲಿ ಹೋಗುವವರು ವಿರಳ. ಆ ಮಾರ್ಗದಲ್ಲಿ, ಪುಣೆಯಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಪರಿಂಚೆ ಎಂಬ ಊರಿದೆ.

ಪರಿಂಚೆಯನ್ನು ಪ್ರೇಕ್ಷಣೀಯ ಸ್ಥಳವೆಂದು ಯಾರೂ ಹೇಳಲಾರರು. ಸಹ್ಯಾದ್ರಿಯು ಮುಂಗಾರಿನ ಮೋಡಗಳನ್ನು ಪಶ್ಚಿಮದಲ್ಲಿಯೇ ಹಿಂಡಿಕೊಂಡ ಬಳಿಕ ಉಳಿದ ಹನಿಗಳು ಈ ತಾಲೂಕಿನ ಪಾಲು. ಜೋಳ, ಸಜ್ಜೆ, ಈರುಳ್ಳಿಯ ಹೊಲಗಳು. ನೀರಿನ ಅನುಕೂಲವಿದ್ದಲ್ಲಿ ಅಂಜೂರ, ಸೀತಾಫಲ. ಗುಡ್ಡಗಳ ಮಡಿಲಲ್ಲಿ ಹರಡಿದ ಹಟ್ಟಿಗಳಿಗೆ ಬೇಸಗೆಯಲ್ಲಿ ನೀರಿನದೇ ಚಿಂತೆ. ಮಳೆಗಾಲದಲ್ಲಿ ಚಿಂತೆಯ ಸ್ವರೂಪ ಬದಲಾಗುತ್ತದೆ. ಮೊದಲ ಮಳೆಯ ನೀರು ನೆಲದ ಮೇಲಿನ ಹೊಲಸನ್ನೆಲ್ಲ ಬಾಚಿ ತಂದು ಬಾವಿಗೆ ಸುರಿಯುವುದು ಎಲ್ಲ ಹಳ್ಳಿಗಳಲ್ಲಿಯೂ ನಡೆಯುವ ಮಾತೇ. ಅದರ ಬೆನ್ನಿಗೇ ಮನೆಮನೆಗಳಲ್ಲಿ ಮಕ್ಕಳಿಗೆ ಭೇದಿ ಹತ್ತುತ್ತದೆ. ವೈದ್ಯರಿರುವ ಊರಿಗೆ ಬಸ್ಸು ಬರುವ ಮೊದಲು ಅಜ್ಜಿಯ ಕೈ ಒಲೆಯ ಮೇಲಿನ ಪಾತ್ರೆಗೆ ಹೋಗುತ್ತದೆ.

ಆ ಪಾತ್ರೆಯಲ್ಲಿ ಕುದಿಯುವುದೇನು? ಬಲಿಯದ ಬಿಲ್ವದ ಕಾಯಿಯ ತಿರುಳು, ಸೀಬೆಯ ಎಲೆ, ಹೊಂಗೆಯ ಎಲೆ, ಹೊಲದ ಬದುವಿನಲ್ಲಿ ಯಾರೂ ಬೇಡವೆಂದರೂ ಬೆಳೆಯುವ ಕೊನ್ನಾರಿಯ ಗೆಡ್ಡೆ. ಇವು ಪರಿಂಚೆಯ ಸ್ವತ್ತೇನೂ ಅಲ್ಲ. ಧಾರವಾಡದ ಅಜ್ಜಿಗೂ ಮೈಸೂರಿನ ಅಜ್ಜಿಗೂ ಇವುಗಳ ಪರಿಚಯ ಚೆನ್ನಾಗಿಯೇ ಇದೆ. ಅತಿಸಾರಕ್ಕೆ ಬಿಲ್ವದ ಎಳೆಗಾಯನ್ನೂ ಕೊನ್ನಾರಿಯನ್ನೂ ಆಯುರ್ವೇದದ ಗ್ರಂಥಗಳು ಬಹು ಹಿಂದಿನಿಂದ ಹೇಳುತ್ತ ಬಂದಿವೆ. ಸೀಬೆ ಮಾತ್ರ ಹೊಸಬ. ಅಮೇರಿಕ ಖಂಡದಲ್ಲಿ ಹುಟ್ಟಿ, ಪೋರ್ತುಗೀಜರ ಕಾಲದಲ್ಲಿ ಸಮುದ್ರ ದಾಟಿ ಬಂದು, ಹಿತ್ತಿಲಿನಲ್ಲಿ ನೆಂಟನಂತೆ ನಿಂತು, ಕೊನೆಗೆ ಮನೆಯ ವೈದ್ಯನಾದವನು. ಪುರಾತನವಾದುದೆಲ್ಲ ಇಲ್ಲಿಯದೇ ಎಂದು ಬೀಗುವವರು ಈ ಗಿಡದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಈ ಕಣಿವೆಯ ಹೆಸರು ವಿಜ್ಞಾನದ ಪತ್ರಿಕೆಗಳಿಗೆ ಏರಲು ಕಾರಣವಾದ ಕಥೆಗೆ ಒಂದು ಕನ್ನಡದ ಕೊಂಡಿಯಿದೆ. ಡಾ. ನೋಷಿರ್ ಆಂಟಿಯಾ ಎಂಬ ಪಾರಸಿ ಶಸ್ತ್ರವೈದ್ಯರು 1922ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿಯ ವಿಭಾಗವನ್ನು ಕಟ್ಟಿದರು. ಕುಷ್ಠರೋಗದಿಂದ ಮುರುಟಿದ ಕೈಗಳನ್ನೂ ಕುಸಿದ ಮೂಗುಗಳನ್ನೂ ಸರಿಪಡಿಸುವುದರಲ್ಲಿ ಹೆಸರು ಗಳಿಸಿದರು. ಅಷ್ಟಕ್ಕೇ ತೃಪ್ತರಾಗಿದ್ದರೆ ಸುಖವಾಗಿರುತ್ತಿದ್ದರು. ಆದರೆ ಹಳ್ಳಿಯ ಆರೋಗ್ಯವು ಪಟ್ಟಣದ ಆಸ್ಪತ್ರೆಯಿಂದ ಹುಟ್ಟಲಾರದೆಂಬ ಹುಳು ಅವರ ತಲೆಯನ್ನು ಹೊಕ್ಕಿತು. 1970ರ ದಶಕದಲ್ಲಿ ಅವರು ಎರಡು ಸಂಸ್ಥೆಗಳನ್ನು ಹುಟ್ಟುಹಾಕಿದರು: ಪ್ರಯೋಗಶಾಲೆಯ ಕೆಲಸಕ್ಕೆ ಮುಂಬಯಿಯ ವರ್ಳಿಯಲ್ಲಿ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್, ಹಳ್ಳಿಯ ಕೆಲಸಕ್ಕೆ ಫೌಂಡೇಶನ್ ಫಾರ್ ರಿಸರ್ಚ್ ಇನ್ ಕಮ್ಯೂನಿಟಿ ಹೆಲ್ತ್. ಎರಡನೆಯದು ಮೊದಲು ಮುಂಬಯಿ ಬಂದರಿನ ಆಚೆಯ ಮಾಂಡ್ವೆಯಲ್ಲಿ, ಅನಂತರ ಪರಿಂಚೆಯ ಕಣಿವೆಯಲ್ಲಿ ಹಳ್ಳಿಯ ಹೆಂಗಸರಿಗೇ ಆರೋಗ್ಯದ ತರಬೇತಿ ಕೊಟ್ಟಿತು. ಇವರನ್ನು ಊರಿನವರು ‘ತಾಯಿ’ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಅದರ ಅರ್ಥ ಅಕ್ಕ ಎಂದು. ಕನ್ನಡದ ಕಿವಿಗೆ ಅಮ್ಮ ಎಂದು ಕೇಳಿಸಿದರೂ ಬಾಧೆಯಿಲ್ಲ. ಆಂಟಿಯಾರಿಗೆ 1990ರಲ್ಲಿ ಪದ್ಮಶ್ರೀ ಬಂದಿತು. 2007ರಲ್ಲಿ ಅವರು ತೀರಿಕೊಂಡರು.

ಕಣಿವೆಯ ಬಿಲ್ವದ ಕಾಯಿ ಹೀಗೆ ಖಂಡಾಳೆಯ ಘಾಟಿಯನ್ನಿಳಿದು ವರ್ಳಿಗೆ ಹೊರಟಿತು. ಅಲ್ಲಿ ಅದಕ್ಕೆ ಕಾದಿದ್ದುದು ಒಂದು ಪರೀಕ್ಷೆ. ಅದನ್ನು ನ್ಯಾಯಾಲಯದ ವಿಚಾರಣೆ ಎಂದರೂ ಸಲ್ಲುತ್ತದೆ; ಏಕೆಂದರೆ ಒಲೆಯ ಮುಂದಿನ ಅಜ್ಜಿಯ ಮಾತು ಸತ್ಯವೋ ಭ್ರಮೆಯೋ ಎಂಬುದು ಅಲ್ಲಿ ತೀರ್ಮಾನವಾಗಬೇಕಾಗಿತ್ತು.

ಗಿಡಮೂಲಿಕೆಗಳನ್ನು ಪರೀಕ್ಷಿಸುವ ರೂಢಿಯ ವಿಧಾನ ಬಹು ಸರಳ. ಅಗರ್ ಎಂಬ ಲೋಳೆಯನ್ನು ಹರಡಿದ ಗಾಜಿನ ತಟ್ಟೆಯ ಮೇಲೆ ರೋಗದ ಬ್ಯಾಕ್ಟೀರಿಯಗಳನ್ನು ಬಿತ್ತುತ್ತಾರೆ. ಗಿಡದ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯೊಂದನ್ನು ನಡುವೆ ಇಟ್ಟು, ದೇಹದ ಉಷ್ಣತೆಯ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ತಟ್ಟೆಯೆಲ್ಲ ಬೂದು ಬಣ್ಣದ ಪೊರೆಯಂತೆ ಬ್ಯಾಕ್ಟೀರಿಯಗಳು ಬೆಳೆದಿರುತ್ತವೆ. ಸಾರದಲ್ಲಿ ಕೊಲ್ಲುವ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ಚಂದ್ರನ ಸುತ್ತ ಕಟ್ಟುವ ಕಣದಂತೆ ಒಂದು ತಿಳಿಯಾದ ವರ್ತುಲ ಉಳಿಯುತ್ತದೆ. ಆ ವರ್ತುಲವನ್ನು ಅಳತೆಪಟ್ಟಿಯಿಂದ ಅಳೆಯುವುದು. ಸಾವಿರಾರು ಗಿಡಗಳ ಭವಿಷ್ಯ ಆ ಮಿಲಿಮೀಟರುಗಳಲ್ಲಿ ನಿರ್ಧಾರವಾಗಿದೆ. ವರ್ತುಲವಿದ್ದರೆ ಔಷಧಿ, ಇಲ್ಲವಾದರೆ ಕಸ.

ಈ ಸರಳತೆಯಲ್ಲಿ ಒಂದು ಮೋಸವೂ ಇದೆ. ಬಹಳ ಜನ ಪರೀಕ್ಷಕರು ಗಿಡವನ್ನು ಆಲ್ಕೊಹಾಲಿನಲ್ಲಿಯೋ ಬೇರೆ ದ್ರಾವಕಗಳಲ್ಲಿಯೋ ನೆನೆಸಿ ಸಾರ ತೆಗೆಯುತ್ತಾರೆ. ಯಾವ ಅಜ್ಜಿಯೂ ಮೊಮ್ಮಗನಿಗೆ ಅಂಥದನ್ನು ಕುಡಿಸಿದ್ದಿಲ್ಲ. ವರ್ಳಿಯಲ್ಲಿ ಡಾ. ತನ್ನಾಜ್ ಬಿರ್ಡಿ ಮತ್ತು ಅವರ ಸಂಗಡಿಗರು ಈ ತಪ್ಪನ್ನು ಮಾಡಲಿಲ್ಲ. ಒಣಗಿಸಿ ಪುಡಿಮಾಡಿದ ಬಿಲ್ವದ ತಿರುಳು 1 ಗ್ರಾಂ, ನೀರು 16 ಮಿಲಿಲೀಟರು. ಅದು 4 ಮಿಲಿಲೀಟರಿಗೆ ಇಳಿಯುವವರೆಗೆ ಕುದಿಸುವುದು. ಹದಿನಾರಕ್ಕೆ ನಾಲ್ಕು ಎಂಬ ಈ ಲೆಕ್ಕ ಕಷಾಯ ಕಾಸಿದ ಗೃಹಿಣಿಯರಿಗೆ ಹೊಸದಲ್ಲ.

ಕಷಾಯದ ಎದುರಿಗೆ ಆರು ಬಗೆಯ ಬ್ಯಾಕ್ಟೀರಿಯಗಳನ್ನು ನಿಲ್ಲಿಸಿದರು. ಅವುಗಳಲ್ಲಿ ಕಾಲರಾದ ವಿಬ್ರಿಯೋ, ರಕ್ತಭೇದಿಯ ಶಿಗೆಲ್ಲ, ಮತ್ತೆ ಈ. ಕೋಲೈ ಎಂಬ ದೊಡ್ಡ ಕುಟುಂಬದ ಬೇರೆ ಬೇರೆ ದುಷ್ಟ ಸಂತಾನಗಳು ಸೇರಿದ್ದವು. ಫಲ? ಆರರಲ್ಲಿ ಒಂದೂ ಸಾಯಲಿಲ್ಲ. ಕಷಾಯದಲ್ಲಿ ಅವು ನೆಮ್ಮದಿಯಾಗಿ ಬದುಕಿಕೊಂಡವು.

ಬೇರೆಡೆಯಾಗಿದ್ದರೆ ವಿಚಾರಣೆ ಇಲ್ಲಿಗೇ ಮುಗಿದು, ಬಿಲ್ವದ ಕಾಯಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಹಾಗೆ ಹೋದ ಗಿಡಗಳೆಷ್ಟೋ! ಆದರೆ ಭೇದಿಯು ಬ್ಯಾಕ್ಟೀರಿಯ ಬದುಕಿರುವುದರಿಂದ ಮಾತ್ರ ಆಗುವುದಿಲ್ಲವೆಂಬ ಸಂಗತಿಯು ಈ ವಿಜ್ಞಾನಿಗಳಿಗೆ ಗೊತ್ತಿತ್ತು. ಅದನ್ನು ಜಗತ್ತಿಗೆ ಮೊದಲು ಸ್ಪಷ್ಟವಾಗಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ. ಕಾಲರಾದ ವಿಬ್ರಿಯೋಗಳನ್ನು ಬೆಳೆಸಿದ ದ್ರವದಿಂದ ಜೀವಾಣುಗಳನ್ನೆಲ್ಲ ಸೋಸಿ ತೆಗೆದು, ಉಳಿದ ತಿಳಿಯನ್ನು ಮೊಲದ ಕರುಳಿನ ಕಟ್ಟಿದ ತುಂಡಿನೊಳಕ್ಕೆ ಅವರು ಸೇರಿಸಿದರು. ಒಂದು ಜೀವಾಣುವೂ ಇಲ್ಲದ ಆ ತಿಳಿಯಿಂದಲೇ ಕರುಳು ನೀರು ತುಂಬಿ ಉಬ್ಬಿಕೊಂಡಿತು. ಕೊಲ್ಲುವುದು ವಿಬ್ರಿಯೋ ಅಲ್ಲ, ಅದು ಉಗುಳುವ ವಿಷ. 1959ರಲ್ಲಿ ಪ್ರಕಟವಾದ ಈ ಶೋಧಕ್ಕೆ ಅವರು ಬದುಕಿದ್ದಾಗ ಸಲ್ಲಬೇಕಾದಷ್ಟು ಮನ್ನಣೆ ಸಲ್ಲಲಿಲ್ಲವೆಂಬುದು ಬೇರೆ ಮಾತು, ಖೇದದ ಮಾತು.

ಬ್ಯಾಕ್ಟೀರಿಯದ ಕುಯುಕ್ತಿಗಳು ಹೀಗೆ ಹಲವು. ಕೆಲವು ಕರುಳಿನ ಒಳಗೋಡೆಗೆ ಜಿಗಣೆಯಂತೆ ಅಂಟಿಕೊಳ್ಳುತ್ತವೆ. ಕೆಲವು ಗೋಡೆಯ ಜೀವಕೋಶಗಳ ಒಳಕ್ಕೇ ಕನ್ನ ಹಾಕಿ ನುಗ್ಗುತ್ತವೆ. ಇನ್ನು ಕೆಲವು ಹೊರಗೆ ನಿಂತೇ ವಿಷವನ್ನು ಚೆಲ್ಲುತ್ತವೆ; ಆ ವಿಷವು ಕೋಶದ ಮೇಲ್ಮೈಯಲ್ಲಿರುವ ಒಂದು ಬಗೆಯ ಕೊಬ್ಬಿನ ಅಣುವನ್ನು ಹಿಡಿದು ಒಳಹೊಕ್ಕು ನೀರಿನ ತೂಬನ್ನು ತೆರೆದುಬಿಡುತ್ತದೆ. ಕಳ್ಳನನ್ನು ಕೊಲ್ಲದೆಯೂ ಕಳ್ಳತನವನ್ನು ತಡೆಯಬಹುದಲ್ಲವೆ? ಬಾಗಿಲಿಗೆ ಅಗುಳಿ ಹಾಕಿದರೂ ಸಾಕು, ಅವನ ಕೈಯ ಕನ್ನಗತ್ತಿಯನ್ನು ಕಸಿದುಕೊಂಡರೂ ಸಾಕು.

ಆದುದರಿಂದ ಎರಡನೆಯ ವಿಚಾರಣೆ ಆರಂಭವಾಯಿತು. ಪ್ರಯೋಗಶಾಲೆಯಲ್ಲಿ ತಲೆಮಾರುಗಳಿಂದ ಬೆಳೆಸುತ್ತ ಬಂದ ಮನುಷ್ಯನ ಜೀವಕೋಶಗಳನ್ನು ತೆಳುವಾದ ಗಾಜಿನ ಮೇಲೆ ಹಾಸಿನಂತೆ ಬೆಳೆಯಿಸಿದರು. ಕೆಲವು ಕೋಶಗಳಿಗೆ ಮುಂಚಿತವಾಗಿಯೇ ಕಷಾಯದ ಸ್ನಾನ; ಕೆಲವಕ್ಕೆ ಕಷಾಯವೂ ಬ್ಯಾಕ್ಟೀರಿಯವೂ ಒಟ್ಟಿಗೇ. ಬಳಿಕ ತೊಳೆದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗೆ ಎಷ್ಟು ಕೋಶಗಳಿಗೆ ಬ್ಯಾಕ್ಟೀರಿಯ ಅಂಟಿದೆಯೆಂದು ಎಣಿಸುವುದು. ಒಳನುಗ್ಗಿದವುಗಳನ್ನು ಪತ್ತೆಮಾಡಲು ಇನ್ನೊಂದು ಉಪಾಯವಿದೆ. ಜೆಂಟಾಮೈಸಿನ್ ಎಂಬ ಔಷಧಿಯು ಕೋಶದ ಹೊರಗಿರುವ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ, ಒಳಗೆ ಅಡಗಿದವನ್ನು ಮುಟ್ಟಲಾರದು. ಅದನ್ನು ಹಾಕಿ ತೊಳೆದ ಬಳಿಕ ಕೋಶಗಳನ್ನು ಒಡೆದರೆ, ಬದುಕಿ ಹೊರಬರುವವು ಕನ್ನ ಹಾಕಿದವು ಮಾತ್ರ. ವಿಷಕ್ಕೆ ಮತ್ತೊಂದು ಪರೀಕ್ಷೆ: ಕೋಶದ ಮೇಲಿನ ಆ ಕೊಬ್ಬಿನ ಅಣುವನ್ನೇ ತಟ್ಟೆಯ ಗುಳಿಗಳಲ್ಲಿ ಲೇಪಿಸಿ, ವಿಷವು ಅದಕ್ಕೆ ಎಷ್ಟು ಅಂಟುತ್ತದೆಯೆಂಬುದನ್ನು ಬಣ್ಣದ ಗಾಢತೆಯಿಂದ ಅಳೆಯುವುದು. ದಿನಗಟ್ಟಲೆ ಬೆನ್ನು ಬಾಗಿಸಿ ಕುಳಿತು ಮಾಡಬೇಕಾದ ಕೆಲಸ. ಅಜ್ಜಿಗೆ ಅರ್ಧ ಗಂಟೆಯಲ್ಲಿ ಆಗುವುದಕ್ಕೆ ಇಷ್ಟೆಲ್ಲ ಸಾಕ್ಷಿ ಬೇಕೇ ಎಂದು ನಗುವವರು ನಗಲಿ. ಅಜ್ಜಿಯ ಪಾತ್ರೆಯಿಂದ ಗುಣವಾದವರ ಸಂಗಡ ತಾನಾಗಿಯೇ ಗುಣವಾದವರೂ ಇದ್ದರು, ಗುಣವಾಗದೆ ಹೋದವರೂ ಇದ್ದರು. ಅವರನ್ನು ಬೇರೆಬೇರೆಯಾಗಿ ಎಣಿಸಿದವರು ಯಾರೂ ಇರಲಿಲ್ಲ.

ಬಿಲ್ವದ ವರದಿ 2009ರಲ್ಲಿ ಪ್ರಕಟವಾಯಿತು. ಒಂದು ಬ್ಯಾಕ್ಟೀರಿಯವನ್ನೂ ಕೊಲ್ಲಲಾರದ ಆ ಕಷಾಯವು, ಅವು ಕೋಶಗಳಿಗೆ ಅಂಟುವುದನ್ನೂ ಒಳನುಗ್ಗುವುದನ್ನೂ ಗಣನೀಯವಾಗಿ ತಗ್ಗಿಸಿತ್ತು. ಕಾಲರಾದ ವಿಷದ ಉತ್ಪತ್ತಿ ಕಡಿಮೆಯಾಗಿತ್ತು. ಅದೂ, ಅದರ ಸೋದರನಂತಿರುವ ಈ. ಕೋಲೈಯ ಒಂದು ವಿಷವೂ ಕೋಶದ ಅಣುವಿಗೆ ಅಂಟಲಾರದೆ ಸೋತಿದ್ದವು. ಬ್ಯಾಕ್ಟೀರಿಯವಲ್ಲದ ಇಬ್ಬರು ವೈರಿಗಳ ಮೇಲೆ, ಎಂದರೆ ಜಿಯಾರ್ಡಿಯಾ ಎಂಬ ಪರೋಪಜೀವಿಯ ಮೇಲೂ ರೋಟಾವೈರಸ್ಸಿನ ಮೇಲೂ, ಕಷಾಯವು ನೇರವಾಗಿಯೇ ಮಾರಕವಾಗಿತ್ತು. ಗಾಜಿನ ತಟ್ಟೆಯ ಮೇಲೆ ವರ್ತುಲ ಮೂಡದಿದ್ದುದು ನಿಜ. ಆದರೆ ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿತ್ತು.

ಉಳಿದ ಗಿಡಗಳೂ ತಮ್ಮ ತಮ್ಮ ಸ್ವಭಾವವನ್ನು ತೋರಿದವು. ಹೊಂಗೆಯ ಎಲೆ, 2006ರ ವರದಿಯ ಪ್ರಕಾರ, ಕೊಲ್ಲುವ ವಿಷಯದಲ್ಲಿ ಸಂಪೂರ್ಣ ಸಾಧು. ಆದರೆ ಕಾಲರಾ ವಿಷದ ಉತ್ಪತ್ತಿಯನ್ನೂ ಬ್ಯಾಕ್ಟೀರಿಯಗಳ ಒಳನುಗ್ಗುವಿಕೆಯನ್ನೂ ತಗ್ಗಿಸಿತು. ಕೊನ್ನಾರಿ ಗೆಡ್ಡೆಯದೂ (2011) ಹೆಚ್ಚುಕಡಮೆ ಇದೇ ದಾರಿ. ಸೀಬೆಯ ಎಲೆ ಮಾತ್ರ ಶೂರ. 2010ರ ವರದಿಯಲ್ಲಿ ಅದು ಶಿಗೆಲ್ಲ ಮತ್ತು ಕಾಲರಾದ ವಿಬ್ರಿಯೋಗಳನ್ನು ನೇರವಾಗಿ ಎದುರಿಸಿತ್ತು. ಮೇಲಾಗಿ ಅಂಟುವಿಕೆ, ನುಗ್ಗುವಿಕೆ, ಎರಡು ಬಗೆಯ ವಿಷ ಎಲ್ಲಕ್ಕೂ ತಡೆಯೊಡ್ಡಿತ್ತು. ಇಲ್ಲಿ ಒಂದು ಸ್ವಾರಸ್ಯವಿದೆ. ಸೀಬೆಯ ಎಲೆಯ ಗುಣವೆಲ್ಲ ಕ್ವರ್ಸೆಟಿನ್ ಎಂಬ ಒಂದು ವಸ್ತುವಿನದೆಂದು ಹಲವರ ನಂಬಿಕೆಯಿತ್ತು. ಅದನ್ನೇ ಬೇರೆಯಾಗಿ ಪರೀಕ್ಷಿಸಿದಾಗ ಅದು ನುಗ್ಗುವಿಕೆಯನ್ನು ತಡೆದುದು ಬಿಟ್ಟರೆ ಮತ್ತೇನನ್ನೂ ಮಾಡಲಿಲ್ಲ. ಎಲೆಯ ಕೆಲಸವನ್ನು ಎಲೆಯ ಒಂದು ಅಂಶ ಮಾಡಲಾರದಾಯಿತು.

ಇಷ್ಟಾದರೂ ಒಂದು ಬೀಗ ತೆರೆಯಲಿಲ್ಲ. ಈ. ಕೋಲೈಯ ಇನ್ನೊಂದು ವಿಷವಿದೆ, ಕುದಿಸಿದರೂ ಕೆಡದಂಥದು. ಅದರ ಮುಂದೆ ಬಿಲ್ವವೂ ಸೋತಿತು, ಸೀಬೆಯೂ ಸೋತಿತು. ಪ್ರಯೋಗಶಾಲೆಯ ಲೇಖನಗಳಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದೆ. ಮೂಲಿಕೆಯ ಸೀಸೆಗಳನ್ನು ಮಾರುವವರ ಜಾಹೀರಾತುಗಳಲ್ಲಿ ಇಂಥ ವಾಕ್ಯ ಸಿಗುವುದು ಅಪರೂಪ.

ಇನ್ನೊಂದು ಮಾತನ್ನು ತಾಯಂದಿರು ಮರೆಯಬಾರದು. ಭೇದಿಯಲ್ಲಿ ಮಗುವನ್ನು ಒಯ್ಯುವುದು ದೇಹದಿಂದ ಹರಿದುಹೋಗುವ ನೀರು ಮತ್ತು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಕೊಟ್ಟ ಲೆಕ್ಕದಂತೆ, ಐದು ವರ್ಷದೊಳಗಿನ ಸುಮಾರು 4 ಲಕ್ಷ 40 ಸಾವಿರ ಮಕ್ಕಳು ವರ್ಷವೊಂದಕ್ಕೆ ಭೇದಿಯಿಂದ ಸಾಯುತ್ತಾರೆ. 1971ರಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರು ಬನಗಾಂವ್ ಎಂಬಲ್ಲಿ ಕಾಲರಾಕ್ಕೆ ಸಿಕ್ಕಿ ಸಾಲುಸಾಲಾಗಿ ಮಡಿಯುತ್ತಿದ್ದಾಗ, ಡಾ. ದಿಲೀಪ್ ಮಹಲನೋಬಿಸರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇಕಡ 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಕೈಹಿಡಿದು ಉಪ್ಪು, ಉಪ್ಪಿನ ಬೆನ್ನುಹಿಡಿದು ನೀರು ಕರುಳಿನ ಗೋಡೆಯನ್ನು ದಾಟುತ್ತವೆ. ವಿಷವು ತೂಬನ್ನು ತೆರೆದಿಟ್ಟಾಗಲೂ ಈ ದಾರಿ ಮುಚ್ಚುವುದಿಲ್ಲ. ಆದುದರಿಂದಲೇ ಕಷಾಯವನ್ನು ಕುಡಿಸಿ ಓಆರ್‌ಎಸ್ ನೀರನ್ನು ಬಿಡುವುದು ಜೀವದೊಡನೆ ಆಡುವ ಜೂಜು. ಮಲದಲ್ಲಿ ರಕ್ತ ಕಂಡರೆ, ಮಗುವಿನ ಕಣ್ಣು ಗುಳಿಬಿದ್ದು ಮೂತ್ರ ನಿಂತರೆ, ಆಗ ಯಾವ ಎಲೆಯನ್ನೂ ಹುಡುಕದೆ ವೈದ್ಯರ ಬಳಿಗೆ ಓಡಬೇಕು.

ಗಾಜಿನ ಮೇಲಿನ ಕೋಶಗಳು ಮನುಷ್ಯನಲ್ಲ. ಸೀಬೆಯ ಎಲೆಯನ್ನು ಕೊನೆಗೆ ಮನುಷ್ಯರ ಮೇಲೆಯೇ ಪರೀಕ್ಷಿಸಿದ ವರದಿ 2020ರಲ್ಲಿ ಬಂದಿತು. ಹಠಾತ್ತಾಗಿ ಭೇದಿ ಹತ್ತಿದ ನೂರಕ್ಕೂ ಹೆಚ್ಚು ಮಂದಿಯನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಎಲ್ಲರಿಗೂ ಓಆರ್‌ಎಸ್ ನೀರು. ಒಂದು ಗುಂಪಿಗೆ ಅಷ್ಟೇ, ಉಳಿದವುಗಳಿಗೆ ಅದರ ಜೊತೆಗೆ ಬೇರೆ ಬೇರೆ ಪ್ರಮಾಣದ ಎಲೆಗಳ ಕಷಾಯ. ಹತ್ತು ಎಲೆಗಳ ಕಷಾಯವನ್ನು ದಿನಕ್ಕೆ ಮೂರು ಹೊತ್ತು ಕುಡಿದವರು 72 ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಬಂದರು; ಬರಿಯ ಓಆರ್‌ಎಸ್ ಕುಡಿದವರಿಗೆ 120 ಗಂಟೆ ಹಿಡಿಯಿತು. ಎರಡು ದಿನಗಳ ಉಳಿತಾಯ. ಪಟ್ಟಣದ ನೌಕರನಿಗೆ ಎರಡು ದಿನದ ರಜೆ; ಕೂಲಿಯವನಿಗೆ ಎರಡು ದಿನದ ಅನ್ನ.

ಆದರೆ ಆ ಪರೀಕ್ಷೆಗೆ ಸೇರಿದವರೆಲ್ಲ 18ರಿಂದ 60 ವಯಸ್ಸಿನವರು. ಮೊದಲ ಮಳೆ ಬಿದ್ದ ವಾರದಲ್ಲಿ ಅಜ್ಜಿಯು ಯಾರಿಗಾಗಿ ಒಲೆ ಹೊತ್ತಿಸುತ್ತಾಳೋ ಆ ಎರಡು ವರ್ಷದ ಮಗು ಆ ಕೋಷ್ಟಕದಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ಎಲೆ ಎಷ್ಟು, ಹೊತ್ತು ಎಷ್ಟು ಎಂಬುದನ್ನು ಹತ್ತೆಲೆಯ ಲೆಕ್ಕದಿಂದ ಭಾಗಿಸಿ ಹೇಳಲು ಬರುವುದಿಲ್ಲ. ಸಾಸವಡದಿಂದ ಇಳಿಯುವ ಮಾರ್ಗದ ಬದಿಯ ಹಿತ್ತಿಲುಗಳಲ್ಲಿ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಸೀಬೆಯ ಗಿಡಗಳು ಹುಲುಸಾಗಿ ಬೆಳೆದು ನಿಂತಿರುತ್ತವೆ. ಅಲ್ಲಿಯ ಅಳತೆ ಇಂದಿಗೂ ಹಳೆಯದೇ: ಕೈಗೆ ಸಿಕ್ಕಷ್ಟು, ಒಂದು ಹಿಡಿ.